ಕಬ್ಬಿನ ಗದ್ದೆಯಲ್ಲಿ ಹುಟ್ಟಿದ ಹೈಸ್ಕೂಲು

ಫಿಜಿ ದೇಶದಲ್ಲಿ ಸುಮಾರು 170 ಪ್ರೌಢಶಾಲೆಗಳಿವೆ. ಸರ್ಕಾರದ ಒಡೆತನದವು ಹತ್ತರಲ್ಲಿ ಒಂದರಷ್ಟೂ ಇಲ್ಲ. ಉಳಿದ ಶಾಲೆಗಳ ನಾಮಫಲಕ ಓದುತ್ತಾ ಹೋದರೆ ಆ ದೇಶದ ನೂರೈವತ್ತು ವರ್ಷಗಳ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೆಥಡಿಸ್ಟ್ ಚರ್ಚಿನದೊಂದು, ಕ್ಯಾಥೊಲಿಕ್ ಮಾರಿಸ್ಟ್ ಬ್ರದರುಗಳದೊಂದು, ಆರ್ಯಸಮಾಜದ ಡಿಎವಿ, ಸನಾತನ ಧರ್ಮ ಸಭೆಯ ಶಾಲೆ, ಮುಸ್ಲಿಂ ಲೀಗಿನ ಶಾಲೆ, ಬಾ ಪಟ್ಟಣದಲ್ಲಿ ಸಿಖ್ಖರ ಖಾಲ್ಸಾ ಕಾಲೇಜು, ದಕ್ಷಿಣ ಭಾರತ ಮೂಲದವರ ಸಂಗಮ್ ಶಾಲೆಗಳು. ಮೇಷ್ಟರ ಸಂಬಳ ಸರ್ಕಾರದ್ದು, ಪಠ್ಯಕ್ರಮ ಮತ್ತು ಪರೀಕ್ಷೆ ಸರ್ಕಾರದ್ದು. ಜಾಗ, ಕಟ್ಟಡ, ಬೆಂಚು, ಆಟದ ಬಯಲು ಊರಿನ ಸಮಿತಿಯದು. ಅನುದಾನಿತ ಶಾಲೆಯಲ್ಲಿ ಓದಿದ ಕನ್ನಡಿಗರಿಗೆ ಈ ಏರ್ಪಾಡು ಅಪರಿಚಿತವಲ್ಲ. ಆದರೆ ಒಂದು ದೇಶದ ಹೈಸ್ಕೂಲು ವ್ಯವಸ್ಥೆ ಹೆಚ್ಚುಕಡಿಮೆ ಪೂರ್ತಿಯಾಗಿ ಹೀಗೆ ನಿಂತಿರುವುದು ಅಪರೂಪ. ಅದು ಯಾಕೆ ಹೀಗಾಯಿತು ಎನ್ನುವುದನ್ನು ತಿಳಿಯುವುದು ನಮಗೂ ಅಗತ್ಯ ಎಂದು ನಾನು ನಂಬಿದ್ದೇನೆ. ಆ ಕಟ್ಟಡಗಳಲ್ಲಿ ಅನೇಕವನ್ನು ಕಟ್ಟಿದವರು ನಮ್ಮ ನೆಲದಿಂದಲೇ ಹಡಗು ಹತ್ತಿ ಹೋದ ಕೂಲಿಗಳ ಮಕ್ಕಳು.

ಮೊದಲು ಹೆಸರುಗಳ ವಿಷಯ ಹೇಳಿಬಿಡುತ್ತೇನೆ. ಫಿಜಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿರುವ ಊರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಂತೆ ಓದಿದರೆ ‘ನಾದಿ’, ಅಲ್ಲಿಯವರ ಬಾಯಲ್ಲಿ ಅದು ನಾಂದಿ. ಬರಹದ ‘ಲಬಾಸ’ ಉಚ್ಚಾರದಲ್ಲಿ ಲಂಬಾಸ. 1835ರಲ್ಲಿ ಬಂದ ಮೆಥಡಿಸ್ಟ್ ಪಾದ್ರಿಗಳು ಆ ಭಾಷೆಗೆ ರೋಮನ್ ಲಿಪಿ ಹೊಂದಿಸುವಾಗ d ಎಂಬ ಒಂದೇ ಅಕ್ಷರಕ್ಕೆ ‘ಂದ’ ಎಂಬ ಬೆಲೆ ಕೊಟ್ಟರು, b ಅಕ್ಷರಕ್ಕೆ ‘ಂಬ’ ಎಂಬ ಬೆಲೆ. ಕನ್ನಡದಲ್ಲಿ ಆಡಿದಂತೆಯೇ ಬರೆಯಬಹುದಾದ್ದರಿಂದ ಇಲ್ಲಿ ಹಾಗೇ ಬರೆಯುತ್ತೇನೆ.

ಆ ಪಾದ್ರಿಗಳು ಮಾಡಿದ ಕೆಲಸ ಸಣ್ಣದಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮೂಲ ಫಿಜಿಯನ್ನರ ಹಳ್ಳಿಹಳ್ಳಿಯಲ್ಲೂ ಚರ್ಚಿನ ಶಾಲೆ ಇತ್ತು. ಹುಡುಗ ಹುಡುಗಿ ಎನ್ನದೆ ಮಕ್ಕಳು ತಮ್ಮದೇ ಭಾಷೆಯಲ್ಲಿ ಬೈಬಲ್ ಓದುತ್ತಿದ್ದರು. ಆದರೆ ಓದು ಅಲ್ಲಿಗೇ ನಿಂತಿತು. 1874ರಲ್ಲಿ ದ್ವೀಪಗಳನ್ನು ವಶಕ್ಕೆ ತೆಗೆದುಕೊಂಡ ಬ್ರಿಟಿಷರಿಗೆ ಅದರಾಚೆಯ ಅಗತ್ಯ ಕಾಣಲಿಲ್ಲ. 1879ರಲ್ಲಿ ಆಗಿನ ರಾಜಧಾನಿ ಲೆವೂಕದಲ್ಲಿ ಮೊದಲ ಸಾರ್ವಜನಿಕ ಶಾಲೆ ತೆರೆಯಿತು. ಅದು ಬಿಳಿಯರ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಶಾಲೆ. ರಾಜಧಾನಿ ಸುವಾಕ್ಕೆ ಬಂದ ಮೇಲೆ ಅಲ್ಲಿ ಹುಟ್ಟಿದ ಗ್ರಾಮರ್ ಶಾಲೆಯದೂ ಅದೇ ರೀತಿ. ಮೂಲ ಫಿಜಿಯನ್ನರ ಪಾಲಿಗೆ ವಸಾಹತು ಸರ್ಕಾರ ಕಂಡುಕೊಂಡ ದಾರಿ ಬೇರೆ: ಊರ ಮುಖ್ಯಸ್ಥರ ಗಂಡುಮಕ್ಕಳಿಗಷ್ಟೇ ಮೇಲಿನ ಓದು. 1906ರಲ್ಲಿ ಸುವಾದ ಹತ್ತಿರ ನಸೀನುವಿನಲ್ಲಿ ಕ್ವೀನ್ ವಿಕ್ಟೋರಿಯಾ ಶಾಲೆ ಆರಂಭವಾದದ್ದು ಈ ಲೆಕ್ಕದಿಂದ. ಆಳುವವರಿಗೆ ಸಹಾಯಕರಾಗಿ ಇಂಗ್ಲಿಷ್ ಬಲ್ಲ ಕೆಲವೇ ಮುಖ್ಯಸ್ಥರು ಸಾಕು, ಉಳಿದವರು ಹಳ್ಳಿಯಲ್ಲಿ ಗೆಡ್ಡೆ ಬೆಳೆದುಕೊಂಡು ಪರಂಪರೆ ಕಾಪಾಡಿಕೊಂಡಿರಲಿ ಎನ್ನುವುದು ನೀತಿ. ಮೂಲನಿವಾಸಿಗಳ ಹಿತರಕ್ಷಣೆ ಎಂದು ಅದಕ್ಕೆ ಹೆಸರು. ರಕ್ಷಣೆ ನಿಜವಾಗಿಯೂ ಸಿಕ್ಕಿತು. ಅವರ ಭೂಮಿ ಅವರಲ್ಲೇ ಉಳಿಯಿತು. ಆದರೆ ಒಬ್ಬ ಸಾಮಾನ್ಯ ಮೀನುಗಾರನ ಮಗ ಹೈಸ್ಕೂಲು ಮೆಟ್ಟಿಲು ಹತ್ತಲು ಎರಡು ಮೂರು ತಲೆಮಾರು ಕಾಯಬೇಕಾಯಿತು. ಫಿಜಿಯನ್ನರಲ್ಲಿ ವಿಶ್ವವಿದ್ಯಾಲಯದ ಪದವಿ ಪಡೆದ ಮೊದಲಿಗರು ರಾತು ಸುಕುನಾ. ಅವರು ಕೂಡ ದೊಡ್ಡ ಮನೆತನದವರು. ನ್ಯೂಜಿಲೆಂಡಿನ ಶಾಲೆಯಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದವರು. ಮೂಲ ಫಿಜಿಯನ್ ಹುಡುಗಿಯರಿಗಾಗಿ ಸರ್ಕಾರ ಆದಿ ಥಾಕೊಂಬಾವು ಶಾಲೆ ತೆರೆದದ್ದು 1948ರಲ್ಲಿ. ಹುಡುಗರ ಶಾಲೆಗೂ ಹುಡುಗಿಯರ ಶಾಲೆಗೂ ನಡುವೆ ನಲವತ್ತೆರಡು ವರ್ಷ!

ಭೂಮಿ ಮೂಲನಿವಾಸಿಗಳದು, ಅವರು ತೋಟದ ಕೂಲಿಗೆ ಹೋಗಬಾರದು ಎಂದು ಮೊದಲ ಗವರ್ನರುಗಳಲ್ಲೊಬ್ಬರಾದ ಸರ್ ಆರ್ಥರ್ ಗಾರ್ಡನ್ ನಿಶ್ಚಯಿಸಿದಾಗ ಕಬ್ಬು ಕಡಿಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಬಂದದ್ದು ಭಾರತದಿಂದ. 1879ರ ಮೇ 14ರಂದು ಲಿಯೋನಿಡಾಸ್ ಎಂಬ ಹಡಗು 463 ಮಂದಿಯನ್ನು ಇಳಿಸಿತು. 1916ರವರೆಗೆ ಒಟ್ಟು 60 ಸಾವಿರಕ್ಕೂ ಹೆಚ್ಚು ಜನ ಹೋದರು. ಐದು ವರ್ಷದ ಕರಾರು. ‘ಅಗ್ರಿಮೆಂಟ್’ ಎಂಬ ಮಾತು ಅವರ ನಾಲಿಗೆಯಲ್ಲಿ ‘ಗಿರ್ಮಿಟ್’ ಆಯಿತು, ಕರಾರಿಗೆ ಹೆಬ್ಬೆಟ್ಟು ಒತ್ತಿದವರು ‘ಗಿರ್ಮಿಟಿಯಾ’ ಆದರು. (ಹುಬ್ಬಳ್ಳಿ–ಧಾರವಾಡದ ಮಂಡಕ್ಕಿ ಗಿರ್ಮಿಟ್ ಬೇರೆ, ಹೆಸರೊಂದೇ ಎಂದು ಗೊಂದಲ ಬೇಡ.) ಆರಂಭದಲ್ಲಿ ಕಲ್ಕತ್ತಾದಿಂದ ಮಾತ್ರ ಹೊರಡುತ್ತಿದ್ದ ಹಡಗುಗಳು 1903ರಿಂದ ಮದ್ರಾಸಿನಿಂದಲೂ ಹೊರಟವು. ಅಂದಿನ ಮದ್ರಾಸ್ ಪ್ರಾಂತ್ಯವೆಂದರೆ ತಮಿಳು, ತೆಲುಗು, ಮಲಯಾಳಂ ಸೀಮೆಗಳ ಜೊತೆಗೆ ನಮ್ಮ ಬಳ್ಳಾರಿ, ದಕ್ಷಿಣ ಕನ್ನಡಗಳೂ ಸೇರಿದ್ದ ಪ್ರಾಂತ್ಯ.

ಈ ಜನರ ಮಕ್ಕಳಿಗೆ ಶಾಲೆ ಯಾರ ಯೋಚನೆಯಲ್ಲೂ ಇರಲಿಲ್ಲ. ಸಕ್ಕರೆ ಕಂಪನಿಗೆ ಬೇಕಾದ್ದು ಕೈಗಳು. ಓದಿದ ಹುಡುಗ ಮತ್ತೆ ಕತ್ತಿ ಹಿಡಿದು ಗದ್ದೆಗೆ ಇಳಿಯುತ್ತಾನೆಯೇ ಎಂಬ ಅನುಮಾನ ಅದರ ಅಧಿಕಾರಿಗಳಿಗೆ ಕೊನೆಯವರೆಗೂ ಇತ್ತು. 1897ರಲ್ಲಿ ಹನ್ನಾ ಡಡ್ಲಿ ಎಂಬ ಮೆಥಡಿಸ್ಟ್ ಶಿಕ್ಷಕಿ ಸುವಾಕ್ಕೆ ಬಂದು ತನ್ನ ಮನೆಯ ಜಗಲಿಯಲ್ಲೇ ಭಾರತೀಯ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಹೇಳಿಕೊಟ್ಟರು. ಇಂದಿಗೂ ಸುವಾದಲ್ಲಿ ಡಡ್ಲಿ ಹೆಸರಿನ ಹೈಸ್ಕೂಲು ಇದೆ. ಗಿರ್ಮಿಟಿಯಾಗಳೇ ತಮ್ಮ ವಸತಿಗಳಲ್ಲಿ ಹುಲ್ಲುಮಾಡಿನ ‘ಕುಟಿ’ ಕಟ್ಟಿಕೊಂಡಿದ್ದರು. ದಾರಿಹೋಕ ಸಾಧು ಬಂದರೆ ತಂಗಲು, ಸಂಜೆ ರಾಮಾಯಣ ಓದಲು ಒಂದು ಜಾಗ. ಹಿಂದಿ ಅಕ್ಷರ ಬಲ್ಲವನೊಬ್ಬ ಸಿಕ್ಕರೆ ಅದೇ ಕುಟಿ ಮಕ್ಕಳ ಪಾಠಶಾಲೆ. ಮುಂದೆ ನೂರಾರು ಶಾಲೆಗಳಾಗಿ ಬೆಳೆದದ್ದರ ಬೀಜ ಆ ಕುಟಿಯಲ್ಲಿದೆ, ಗವರ್ನರನ ಕಡತದಲ್ಲಲ್ಲ.

1920ರ ಜನವರಿ 1ಕ್ಕೆ ಗಿರ್ಮಿಟ್ ರದ್ದಾಯಿತು. ಬಹುಪಾಲು ಜನ ಅಲ್ಲೇ ಉಳಿದು, ಹತ್ತು ಎಕರೆ ಆಸುಪಾಸಿನ ತುಂಡುಗಳನ್ನು ಗುತ್ತಿಗೆಗೆ ಹಿಡಿದು ಕಬ್ಬು ಬೆಳೆದರು. ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಿಜಿಯ ನೂರಕ್ಕೆ 80ಕ್ಕೂ ಹೆಚ್ಚು ಭೂಮಿ ಮೂಲನಿವಾಸಿಗಳ ಕುಲಗಳಿಗೆ ಸೇರಿದ್ದು. ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಗುತ್ತಿಗೆಗೆ ಪಡೆಯಬಹುದು ಅಷ್ಟೆ. ಅವಧಿ ಮುಗಿದ ದಿನ, ಅಜ್ಜ ನೆಟ್ಟ ಮಾವಿನ ಮರ ಸಮೇತ ಬಿಟ್ಟು ಏಳಬೇಕು. ಇಂಥ ರೈತ ಮಗನಿಗೆ ಏನು ಬಿಟ್ಟುಹೋಗಬಲ್ಲ? ಆ ಪ್ರಶ್ನೆಗೆ ಫಿಜಿಯ ಭಾರತೀಯರು ಕಂಡುಕೊಂಡ ಉತ್ತರ ಹೈಸ್ಕೂಲು. ಗದ್ದೆ ಯಾರದೋ, ಸರ್ಟಿಫಿಕೇಟು ಮಗನದು. ವಿದ್ಯೆಯ ಮೇಲಿನ ಸಾಂಪ್ರದಾಯಿಕ ಗೌರವದಿಂದ ಅವರು ಶಾಲೆ ಕಟ್ಟಿದರು ಎಂದು ಕೆಲವರು ಬರೆಯುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಇನ್ನರ್ಧ, ಕಾಲ ಕೆಳಗೆ ಸ್ವಂತ ನೆಲವಿಲ್ಲದವರ ಭಯ.

1918ರಲ್ಲಿ ಲೌತೋಕದ ಬಳಿಯ ಸವೇನಿಯಲ್ಲಿ ಆರ್ಯಸಮಾಜದವರು ಗುರುಕುಲ ತೆರೆದರು. ದಕ್ಷಿಣದವರ ಸಂಘಟನೆ ಅದರ ಹಿಂದೆಯೇ ಬಂತು. 1912ರಲ್ಲಿ ಗಿರ್ಮಿಟಿಯಾ ಆಗಿ ಬಂದಿದ್ದ, ಮುಂದೆ ಸಾಧುವಾದ ಕುಪ್ಪುಸ್ವಾಮಿ 1926ರಲ್ಲಿ ನಾಂದಿಯಲ್ಲಿ ‘ತೆನ್ ಇಂಡಿಯಾ ಸನ್ಮಾರ್ಗ ಐಕ್ಯ ಸಂಗಮ್’ ಸ್ಥಾಪಿಸಿದರು. ಕಬ್ಬು ಬೆಳೆಯುವವರ ವಂತಿಗೆಯಿಂದ ಒಂದೊಂದೇ ಪ್ರಾಥಮಿಕ ಶಾಲೆ ಎದ್ದಿತು. ತಮಿಳು, ತೆಲುಗು ಪಾಠ ನಡೆಯಿತು. ಆದರೆ ಪಾಠ ಹೇಳುವವರು ಸಾಲಲಿಲ್ಲ, ದಾರಿ ತೋರುವವರೂ ಬೇಕಿತ್ತು. ಸಂಗಮ್‌ ಕೋರಿಕೆಯ ಮೇಲೆ ರಾಮಕೃಷ್ಣ ಮಿಷನ್ 1937ರಲ್ಲಿ ಸ್ವಾಮಿ ಅವಿನಾಶಾನಂದರನ್ನು, 1939ರಲ್ಲಿ ಸ್ವಾಮಿ ರುದ್ರಾನಂದರನ್ನು ಕಳಿಸಿತು. ರುದ್ರಾನಂದರು ದಶಕಗಳ ಕಾಲ ಅಲ್ಲೇ ನಿಂತರು. ಕಾವಿ ತೊಟ್ಟವರು ಕಬ್ಬು ಬೆಳೆಗಾರರ ಜೊತೆ ಗದ್ದೆಯ ಬದುವಿನಲ್ಲಿ ಕೂತು ಬೆಲೆಯ ಲೆಕ್ಕ ಹಾಕಿದರು. 1943ರಲ್ಲಿ ಬೆಳೆಗಾರರು ಕಟಾವು ನಿಲ್ಲಿಸಿದಾಗ ವಸಾಹತು ಸರ್ಕಾರ ರುದ್ರಾನಂದರ ಮೇಲೂ, ಗುಜರಾತಿನಿಂದ ಬಂದು ನಾಂದಿಯಲ್ಲಿ ವಕೀಲಿ ಮಾಡುತ್ತಿದ್ದ ಎ.ಡಿ. ಪಟೇಲರ ಮೇಲೂ ಓಡಾಟದ ನಿರ್ಬಂಧ ಹೇರಿತು. ಆರು ವರ್ಷದ ನಂತರ, 1949ರಲ್ಲಿ, ಇದೇ ಇಬ್ಬರು ಮುಂದೆ ನಿಂತು ನಾಂದಿಯಲ್ಲಿ ಶ್ರೀ ವಿವೇಕಾನಂದ ಹೈಸ್ಕೂಲು ತೆರೆದರು. ಸರ್ಕಾರದ್ದೂ ಅಲ್ಲದ, ಚರ್ಚಿನದೂ ಅಲ್ಲದ ಫಿಜಿಯ ಮೊದಲ ಹೈಸ್ಕೂಲು ಅದು. ಆವರೆಗೆ ಪಶ್ಚಿಮ ಸೀಮೆಯ ಭಾರತೀಯ ಹುಡುಗನಿಗೆ ಮೇಲಿನ ಓದೆಂದರೆ ಲೌತೋಕದ ನತಂಬುವಾದ ಸರ್ಕಾರಿ ಶಾಲೆಯೊಂದೇ ದೊಡ್ಡ ಆಸೆ. ಅಲ್ಲಿ ಸೀಟುಗಳು ಕೆಲವೇ, ಹುಡುಗರು ಸಾವಿರಾರು.

ವಿವೇಕಾನಂದ ಹೈಸ್ಕೂಲು ಒಂದು ಕಟ್ಟೆ ಒಡೆದಂತಾಯಿತು. ಐವತ್ತು, ಅರವತ್ತರ ದಶಕಗಳಲ್ಲಿ ಡಿಎವಿ, ಸನಾತನ, ಸಂಗಮ್‌, ಖಾಲ್ಸಾ, ಮುಸ್ಲಿಂ ಲೀಗ್ ಹೀಗೆ ಎಲ್ಲರೂ ಹೈಸ್ಕೂಲಿಗೆ ಕೈಹಾಕಿದರು. ಕೆಲಸ ನಡೆಯುತ್ತಿದ್ದ ರೀತಿ ನಮ್ಮ ಹಳ್ಳಿಗಳದ್ದೇ. ರಾಮಾಯಣ ಮಂಡಳಿಯ ಸಭೆಯಲ್ಲಿ ಮಾತು ಎತ್ತುತ್ತಾರೆ, ಮನೆಗಿಷ್ಟು ಎಂದು ಗೊತ್ತುಮಾಡುತ್ತಾರೆ, ಹಣವಿಲ್ಲದವನು ಮರಮಟ್ಟು ಕೊಡುತ್ತಾನೆ, ಅದೂ ಇಲ್ಲದವನು ಭಾನುವಾರ ಬಂದು ಕೈಗೆಲಸ ಮಾಡುತ್ತಾನೆ. ಕೋಣೆ ಎದ್ದ ಮೇಲೆ ಸರ್ಕಾರದಿಂದ ಮೇಷ್ಟರ ಸಂಬಳಕ್ಕೆ ಅನುದಾನ. 1947ರಲ್ಲಿ ನಸೀನುವಿನಲ್ಲಿ ಶಿಕ್ಷಕರ ತರಬೇತಿ ಕಾಲೇಜು ಶುರುವಾಗಿದ್ದರಿಂದ ಪಾಠ ಹೇಳುವವರೂ ಸಿಗತೊಡಗಿದರು.

ಇದರ ಫಲ ಎಂಥದ್ದು ಎಂದು ತಿಳಿಯಲು ಒಬ್ಬರ ಬದುಕು ನೋಡಿದರೆ ಸಾಕು. ಇತಿಹಾಸಕಾರ ಬೃಜ್ ವಿ. ಲಾಲ್ 1952ರಲ್ಲಿ ಎರಡನೆಯ ದೊಡ್ಡ ದ್ವೀಪ ವನುವಾ ಲೆವುವಿನ ತಂಬಿಯಾ ಎಂಬ ಕಬ್ಬಿನ ಹಳ್ಳಿಯಲ್ಲಿ ಹುಟ್ಟಿದವರು. ಅಜ್ಜ ಗಿರ್ಮಿಟಿಯಾ, ಅಪ್ಪ ಅಮ್ಮನಿಗೆ ಅಕ್ಷರ ಬಾರದು. ಊರವರು ಕಟ್ಟಿದ ಶಾಲೆಯಿಂದ ಲಂಬಾಸದ ಹೈಸ್ಕೂಲಿಗೆ, ಅಲ್ಲಿಂದ 1968ರಲ್ಲಷ್ಟೇ ಹುಟ್ಟಿದ್ದ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯಕ್ಕೆ, ಕೊನೆಗೆ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಪ್ರಾಧ್ಯಾಪಕ ಹುದ್ದೆಗೆ. ಹಡಗಿನ ವಲಸೆ ಪಾಸುಗಳನ್ನು ಒಂದೊಂದಾಗಿ ಓದಿ ಗಿರ್ಮಿಟಿಯಾಗಳು ಯಾವ ಜಿಲ್ಲೆಯವರು, ಯಾವ ಜಾತಿಯವರು, ಯಾಕೆ ಹೊರಟರು ಎಂದು ಲೆಕ್ಕ ತೆಗೆದವರು ಅವರೇ. ಹೆಬ್ಬೆಟ್ಟು ಒತ್ತಿದವನ ಮೊಮ್ಮಗ ಆ ಹೆಬ್ಬೆಟ್ಟುಗಳ ಚರಿತ್ರೆ ಬರೆದ. ನಡುವೆ ನಿಂತದ್ದು ಒಂದು ಹೈಸ್ಕೂಲು.

ಆದರೆ ಈ ವ್ಯವಸ್ಥೆಯೊಳಗೆ ಒಂದು ಬಿರುಕು ಮೊದಲಿನಿಂದಲೂ ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ಆ ಮಕ್ಕಳಿಗೆ ಅನ್ಯಾಯ. ಬಿಳಿಯರ ಶಾಲೆ, ಫಿಜಿಯನ್ನರ ಶಾಲೆ, ಭಾರತೀಯರ ಶಾಲೆ ಬೇರೆಬೇರೆ. ಮೂವರೂ ಒಂದೇ ಬೆಂಚಿನಲ್ಲಿ ಕೂರಲಿಲ್ಲ, ಒಂದೇ ಬಯಲಿನಲ್ಲಿ ಆಡಲಿಲ್ಲ. ಶಿಕ್ಷಕರ ಸಂಘಗಳೂ ಎರಡಾದವು, ಇವತ್ತಿಗೂ ಎರಡೇ. ತಮ್ಮವರಿಗಾಗಿ ತಾವೇ ಕಟ್ಟಿದ ಶಾಲೆ ಸ್ವಾಭಿಮಾನ ಕಲಿಸಿತು, ನಿಜ. ಪಕ್ಕದ ಹಳ್ಳಿಯ ಇತೌಕೆ ಹುಡುಗ (ಮೂಲ ಫಿಜಿಯನ್ನರು ತಮ್ಮನ್ನು ಕರೆದುಕೊಳ್ಳುವ ಹೆಸರು ಇದು) ಏನು ಓದುತ್ತಾನೆ, ಯಾವುದಕ್ಕೆ ಅಂಜುತ್ತಾನೆ ಎನ್ನುವುದನ್ನು ಕಲಿಸಲಿಲ್ಲ. 1964ರಲ್ಲಿ ಎ.ಡಿ. ಪಟೇಲರೇ ವಸಾಹತು ಸರ್ಕಾರದಲ್ಲಿ ಶಿಕ್ಷಣ, ಆರೋಗ್ಯಗಳ ಹೊಣೆ ಹೊತ್ತ ಸದಸ್ಯರಾದರು. ಆ ದಶಕದಲ್ಲಿ ಸರ್ಕಾರಿ ಶಾಲೆಗಳ ಬಾಗಿಲು ಎಲ್ಲ ಜನಾಂಗಗಳಿಗೂ ತೆರೆಯತೊಡಗಿತು. ಆದರೆ ಸರ್ಕಾರಿ ಶಾಲೆಗಳೇ ಬೆರಳೆಣಿಕೆಯಷ್ಟು. 1969ರಲ್ಲಿ ಸ್ವಾತಂತ್ರ್ಯದ ಹೊಸ್ತಿಲಲ್ಲೇ ಪಟೇಲರು ತೀರಿಕೊಂಡರು.

1970ರ ಅಕ್ಟೋಬರ್ 10ರಂದು ಫಿಜಿ ಸ್ವತಂತ್ರವಾದಾಗ ಹೊಸ ಸರ್ಕಾರದ ಮುಂದಿದ್ದ ದೊಡ್ಡ ಸವಾಲು ಸಮುದ್ರ. ಮುನ್ನೂರಕ್ಕೂ ಹೆಚ್ಚು ದ್ವೀಪಗಳಲ್ಲಿ ಜನವಸತಿ ಇರುವವು ನೂರು ಚಿಲ್ಲರೆ. ಲೌ, ಕಂದವು, ಯಸಾವಾ, ದೂರದ ರೋತುಮಾ. ಅಲ್ಲಿನ ಮಗು ಎಂಟನೆಯ ತರಗತಿ ಮುಗಿಸಿದರೆ ಮುಂದೆ ದೋಣಿ ಹತ್ತಿ ಮನೆ ಬಿಡಬೇಕು. ಹಾಸ್ಟೆಲಿನಲ್ಲಿದ್ದುಕೊಂಡು ಓದಬೇಕು, ಇಲ್ಲವೇ ಸುವಾದ ಯಾರೋ ಬಂಧುವಿನ ಕಿಕ್ಕಿರಿದ ಮನೆಯ ಮೂಲೆಯಲ್ಲಿ. ಕಬ್ಬಿನ ಸೀಮೆಯ ಹುಡುಗ ಸಂಜೆಗೆ ಮನೆಗೆ ಬಂದು ಅಮ್ಮನ ಕೈಯಡುಗೆ ಉಣ್ಣುತ್ತಿದ್ದ. ದ್ವೀಪದ ಹುಡುಗ ಹಾಸ್ಟೆಲಿನ ತೋಟದಲ್ಲಿ ತನ್ನ ಊಟದ ಮರಗೆಣಸನ್ನು ತಾನೇ ಅಗೆಯುತ್ತಿದ್ದ. ಇಬ್ಬರ ಅಂಕಪಟ್ಟಿ ಹೋಲಿಸಿ ‘ಭಾರತೀಯರು ಬುದ್ಧಿವಂತರು, ಫಿಜಿಯನ್ನರು ಹಿಂದುಳಿದವರು’ ಎಂದು ಮಾತಾಡಿದವರು ಎರಡೂ ಕಡೆ ಬಹಳ ಮಂದಿ. ಆ ಮಾತು ತಪ್ಪು ಮಾತ್ರವಲ್ಲ, ಕ್ರೂರ ಕೂಡ. ಎಪ್ಪತ್ತರ ದಶಕದಲ್ಲಿ ಗ್ರಾಮೀಣ ಭಾಗಕ್ಕೂ ಹೊರ ದ್ವೀಪಗಳಿಗೂ ಕಿರಿಯ ಪ್ರೌಢಶಾಲೆಗಳು ಬಂದವು. ಫಾರ್ಮ್ ನಾಲ್ಕರವರೆಗೆ, ಅಂದರೆ ಹತ್ತನೆಯ ತರಗತಿಯವರೆಗೆ, ಊರ ಹತ್ತಿರವೇ ಓದು. ವಿಜ್ಞಾನದ ಮೇಷ್ಟರು ಹೊರ ದ್ವೀಪಕ್ಕೆ ಬಂದು ನಿಲ್ಲುವುದು ಮಾತ್ರ ಕಷ್ಟವೇ ಆಗಿತ್ತು.

ಪರೀಕ್ಷೆಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ದೇಶ ಸ್ವತಂತ್ರವಾದ ಮೇಲೂ ಬಹುಕಾಲ ಹೈಸ್ಕೂಲಿನ ಕೊನೆಯ ಪರೀಕ್ಷೆಗಳು ನ್ಯೂಜಿಲೆಂಡಿನವು. ಅಲ್ಲಿನ ಮಕ್ಕಳಿಗೆಂದು ರೂಪಿಸಿದ ಸ್ಕೂಲ್ ಸರ್ಟಿಫಿಕೇಟ್, ಯೂನಿವರ್ಸಿಟಿ ಎಂಟ್ರೆನ್ಸ್ ಪರೀಕ್ಷೆಗಳಿಗೆ ಕಬ್ಬಿನ ಗದ್ದೆಯ, ತೆಂಗಿನ ದ್ವೀಪದ ಮಕ್ಕಳು ಕೂರುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ಫಿಜಿ ತನ್ನದೇ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆ ತಂದಿತು.

ಪರೀಕ್ಷೆಗಿಂತ ದೊಡ್ಡ ಜಗಳ ಪರೀಕ್ಷೆಯ ನಂತರದ್ದು. ಹಿಂದುಳಿದ ಇತೌಕೆ ಮಕ್ಕಳಿಗೆ ವಿದ್ಯಾರ್ಥಿವೇತನ ಕಾದಿರಿಸಬೇಕು ಎನ್ನುವ ವಾದದಲ್ಲಿ ನ್ಯಾಯವಿತ್ತು. ಆದರೆ 1977ರಲ್ಲಿ ವಿಶ್ವವಿದ್ಯಾಲಯಕ್ಕೆ ಸರ್ಕಾರಿ ವೇತನದ ಮೇಲೆ ಹೋಗಲು ಎರಡು ಜನಾಂಗಗಳಿಗೆ ಎರಡು ಅಂಕಮಿತಿ ಗೊತ್ತುಮಾಡಿದಾಗ, ಅಷ್ಟೇ ಬಡ ಕಬ್ಬು ಬೆಳೆಗಾರನ ಮಗ ಹೆಚ್ಚು ಅಂಕ ಪಡೆದೂ ಹೊರಗುಳಿದ. ಗುತ್ತಿಗೆಯ ಗದ್ದೆಗೆ ಬದಲಾಗಿ ಹೈಸ್ಕೂಲನ್ನು ನಂಬಿದ್ದ ಅವನ ಅಪ್ಪನಿಗೆ ಆ ನಂಬಿಕೆಯೇ ಅಲುಗಿತು. ಇಬ್ಬರ ದುಃಖವೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಲ್ಲಗಳೆಯಬೇಕಿಲ್ಲ ಎಂದು ನನಗನಿಸುತ್ತದೆ.

1987ರ ಮೇ 14, ಲಿಯೋನಿಡಾಸ್ ಬಂದು ಸರಿಯಾಗಿ 108 ವರ್ಷ. ಅಂದು ಲೆಫ್ಟಿನೆಂಟ್ ಕರ್ನಲ್ ಸಿತಿವೇನಿ ರಂಬೂಕ ಸೈನಿಕರೊಂದಿಗೆ ಸಂಸತ್ತಿಗೆ ನುಗ್ಗಿ, ಭಾರತೀಯರ ಬೆಂಬಲದಿಂದ ಒಂದು ತಿಂಗಳ ಹಿಂದಷ್ಟೇ ಅಧಿಕಾರಕ್ಕೆ ಬಂದಿದ್ದ ತಿಮೋಥಿ ಬವಂದ್ರರ ಸರ್ಕಾರವನ್ನು ಉರುಳಿಸಿದರು. ಉರುಳಿಸಿದವರೂ ಉರುಳಿದವರೂ ಕ್ವೀನ್ ವಿಕ್ಟೋರಿಯಾ ಶಾಲೆಯ ಹಳೆಯ ವಿದ್ಯಾರ್ಥಿಗಳು. 1999ರಲ್ಲಿ ಮೊದಲ ಭಾರತೀಯ ಮೂಲದ ಪ್ರಧಾನಿಯಾಗಿ, ಮರುವರ್ಷ ಬಂಡುಕೋರರ ಕೈಯಲ್ಲಿ 56 ದಿನ ಒತ್ತೆಯಾಳಾಗಿದ್ದ ಮಹೇಂದ್ರ ಚೌಧರಿ ಓದಿದ್ದು ನಾಂದಿಯ ವಿವೇಕಾನಂದ ಹೈಸ್ಕೂಲಿನಲ್ಲಿ.

ದಂಗೆಗಳ ನಂತರ ಮೊದಲು ಹೊರಟವರಲ್ಲಿ ಮೇಷ್ಟರುಗಳು ಇದ್ದರು. ಇಂಗ್ಲಿಷ್, ಗಣಿತ, ವಿಜ್ಞಾನ ಬಲ್ಲವರಿಗೆ ಆಕ್ಲೆಂಡ್, ಸಿಡ್ನಿ, ವ್ಯಾಂಕೂವರ್ ಬಾಗಿಲು ತೆರೆದಿದ್ದವು. ಯಾವ ಹೈಸ್ಕೂಲನ್ನು ಭದ್ರತೆಗೆಂದು ಕಟ್ಟಿದ್ದರೋ ಅದೇ ಹೊರಹೋಗುವ ಏಣಿಯಾಯಿತು. 1997ರಿಂದ ಗುತ್ತಿಗೆಗಳೂ ಮುಗಿಯುತ್ತಾ ಬಂದು ಅನೇಕ ಕಬ್ಬಿನ ಕುಟುಂಬಗಳು ಗದ್ದೆ ಬಿಟ್ಟು ಪಟ್ಟಣದ ಅಂಚಿಗೆ ಬಂದವು. 1986ರ ಜನಗಣತಿಯಲ್ಲಿ ನೂರಕ್ಕೆ ಸುಮಾರು 49ರಷ್ಟಿದ್ದ ಭಾರತೀಯ ಮೂಲದವರು 2007ರ ಹೊತ್ತಿಗೆ 37ರ ಆಸುಪಾಸಿಗೆ ಇಳಿದಿದ್ದರು. ಕುಟಿಯಿಂದ ಕಾಂಕ್ರೀಟಿಗೆ ಬೆಳೆದ ಎಷ್ಟೋ ಶಾಲೆಗಳ ಸುತ್ತ ಅವನ್ನು ಕಟ್ಟಿದವರ ಮನೆಗಳೇ ಉಳಿಯಲಿಲ್ಲ.

ಆಗ ಆ ಸಮಿತಿಗಳು ಏನು ಮಾಡಿದವು ಎನ್ನುವುದು ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ ಭಾಗ. ಬಾಗಿಲು ಮುಚ್ಚಲಿಲ್ಲ. ಖಾಲಿಯಾದ ಬೆಂಚಿಗೆ ಇತೌಕೆ ಮಕ್ಕಳು ಬಂದರು; ಸಂಗಮ್‌, ಡಿಎವಿ, ಸನಾತನ ಹೆಸರಿನ ಶಾಲೆಗಳು ಅವರನ್ನು ಸೇರಿಸಿಕೊಂಡವು. 2014ರಿಂದ ಬೋಧನಾ ಶುಲ್ಕವನ್ನು ಸರ್ಕಾರವೇ ಭರಿಸತೊಡಗಿ ಬಡವರ ಮಕ್ಕಳಿಗೆ ಇನ್ನಷ್ಟು ಅನುಕೂಲವಾಯಿತು. 2016ರ ಫೆಬ್ರುವರಿ 20ರಂದು ವಿನ್‌ಸ್ಟನ್ ಚಂಡಮಾರುತ 44 ಜನರ ಪ್ರಾಣ ತೆಗೆದು, ಕ್ವೀನ್ ವಿಕ್ಟೋರಿಯಾ ಶಾಲೆ ಸೇರಿದಂತೆ ನೂರಾರು ಶಾಲೆಗಳ ಮಾಡು ಹಾರಿಸಿದಾಗ ಮಕ್ಕಳು ಡೇರೆಗಳಲ್ಲಿ ಕೂತು ಪಾಠ ಕೇಳಿದರು. ಯಾವ ಜನಾಂಗದ ಶಾಲೆ ಎಂದು ಗಾಳಿ ನೋಡಿರಲಿಲ್ಲ.

1987ರಲ್ಲಿ ಸರ್ಕಾರ ಉರುಳಿಸಿದ್ದ ರಂಬೂಕ 2022ರ ಡಿಸೆಂಬರಿನಲ್ಲಿ ಮತಪೆಟ್ಟಿಗೆಯ ದಾರಿಯಲ್ಲಿ ಪ್ರಧಾನಿಯಾದರು. ಎ.ಡಿ. ಪಟೇಲರು ಮುನ್ನಡೆಸಿದ್ದ ನ್ಯಾಷನಲ್ ಫೆಡರೇಷನ್ ಪಾರ್ಟಿ ಅವರ ಮಿತ್ರಪಕ್ಷವಾಗಿತ್ತು. ಇನ್ನು ಗಿರ್ಮಿಟಿಯಾಗಳ ಮಕ್ಕಳು ತಮ್ಮ ಮಕ್ಕಳಿಗೆಂದು ವಂತಿಗೆ ಎತ್ತಿ ಕಟ್ಟಿದ ಹೈಸ್ಕೂಲುಗಳು: ಇವತ್ತು ಅವುಗಳಲ್ಲಿ ಅನೇಕ ಶಾಲೆಗಳ ಹಾಜರಿ ಪುಸ್ತಕದಲ್ಲಿ ಇತೌಕೆ ಮಕ್ಕಳ ಹೆಸರುಗಳೇ ಹೆಚ್ಚು.